‘ಸೌಂಡ್‌ಪ್ರೂಫ್’ ಎಂದರು, ಹೊದಿಸಿದ್ದು ಮುಸುಕು: ಮುಲುಂಡಿನ ಯಕ್ಷಗಾನ ತರಗತಿಯೊಂದರ ಕೋಣೆ ಕೆಲಸದ ವಿಮರ್ಶೆ

ಕೊಟೇಶನ್ನಿನ ಮೊದಲ ಸಾಲಿನಲ್ಲೇ ‘ಕಂಪ್ಲೀಟ್ ಸೌಂಡ್‌ಪ್ರೂಫಿಂಗ್’ ಎಂದಿದೆ. ಕೆಲಸ ಮುಗಿದ ಮೇಲೆ ಬಾಗಿಲು ಹಾಕಿ ಪ್ಯಾಸೇಜಿನಲ್ಲಿ ನಿಂತರೆ ಕಿವಿಗೆ ಬೀಳುವುದೇ ಬೇರೆ. ಒಳಗೆ ಚೆಂಡೆ ಉರುಳುತ್ತಿದ್ದರೆ ಕೋಲಿನ ಮೊನಚು ಪೆಟ್ಟು ಕೇಳಿಸದು, ಆದರೆ ಅದರಡಿಯ ದಡ್ ದಡ್ ಹಾಗೇ ಇದೆ. ಭಾಗವತರ ಪದ್ಯದ ರಾಗ ತಿಳಿಯುತ್ತದೆ, ತಾಳ ತಿಳಿಯುತ್ತದೆ, ಸಾಹಿತ್ಯ ಮಾತ್ರ ತಿಳಿಯದು. ಇಂಥ ಸದ್ದಿಗೆ ಇಂಗ್ಲಿಷಿನಲ್ಲಿ ‘ಮಫಲ್ಡ್’ ಎನ್ನುತ್ತಾರೆ. ಗುತ್ತಿಗೆದಾರರು ಮಾಡಿಕೊಟ್ಟಿದ್ದು ಮಫಲ್, ಹಣ ಪಡೆದದ್ದು ಸೌಂಡ್‌ಪ್ರೂಫಿಗೆ. ಎರಡರ ವ್ಯತ್ಯಾಸ ತಿಳಿಯದೆ ಸಹಿ ಹಾಕುವವರು ಮುಂಬೈಯಲ್ಲಿ ಬಹಳ ಮಂದಿ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ. ಕಂಪನಿಯ ಹೆಸರು ಬೇಡ. ಇದೇ ಕೆಲಸವನ್ನು ಇದೇ ರೀತಿ ಮಾಡುವವರು ಠಾಣೆಯಿಂದ ಬೋರಿವಲಿಯವರೆಗೆ ಸಿಗುತ್ತಾರೆ.

ಕೋಣೆ ಹಳೆಯ ಸೊಸೈಟಿಯೊಂದರ 2ನೇ ಮಹಡಿಯಲ್ಲಿದೆ. 3.6 ಮೀಟರ್ ಉದ್ದ, 3 ಮೀಟರ್ ಅಗಲ, 2.9 ಮೀಟರ್ ಎತ್ತರ. ಅಂದರೆ 12×10 ಅಡಿಯ ಮಾಮೂಲಿ ಬೆಡ್‌ರೂಮ್. ಒಂದು ಗೋಡೆಯಾಚೆ ಪಕ್ಕದ ಮನೆ, ಬೀದಿ ಕಡೆಗೆ ಕಿಟಕಿ, ಕೆಳಗೆ ಒಂದು ಸಂಸಾರ. ವಾರದ ಸಂಜೆಗಳಲ್ಲಿ ಚೆಂಡೆ ಮದ್ದಳೆಯ ಪಾಠ, ಭಾನುವಾರ ಮಕ್ಕಳಿಗೆ ಹೆಜ್ಜೆಯ ಪಾಠ. ಬೇಕಿದ್ದದ್ದು ಎರಡು: ಹೊರಹೋಗುವ ಸದ್ದು ತಗ್ಗಬೇಕು, ಒಳಗೆ ಗುಂಯ್‌ಗುಡುವುದು ನಿಲ್ಲಬೇಕು. ಇವು ಎರಡು ಬೇರೆ ರೋಗ, ಎರಡಕ್ಕೂ ಬೇರೆ ಬೇರೆ ಮದ್ದು. ಇಲ್ಲಿ ಎರಡಕ್ಕೂ ಒಂದೇ ಮದ್ದು ಹಚ್ಚಿದ್ದಾರೆ.

ಮಫಲ್ ಎಂಬ ಪದ ಹುಟ್ಟಿದ ಬಗೆಯಲ್ಲೇ ಈ ಕೆಲಸದ ದೋಷದ ಸುಳಿವಿದೆ. ಫ್ರೆಂಚಿನಲ್ಲಿ ‘ಮೂಫ್ಲ್’ ಎಂದರೆ ನಾಲ್ಕು ಬೆರಳಿಗೆ ಒಂದೇ ಚೀಲ, ಹೆಬ್ಬೆರಳಿಗೆ ಇನ್ನೊಂದು ಚೀಲ ಇರುವ ದಪ್ಪ ಕೈಗವಸು. ಚಳಿಗಾಲದ ಅಂಥ ಕೈಗವಸಿಗೆ ಅಲ್ಲಿ ಇಂದಿಗೂ ಅದೇ ಹೆಸರು. ಅದರ ಹಿಂದೆ ಮಧ್ಯಯುಗದ ಲ್ಯಾಟಿನ್ನಿನ ‘ಮುಫುಲಾ’ ಇದೆ. 15ನೇ ಶತಮಾನದ ಇಂಗ್ಲಿಷಿನಲ್ಲಿ ಮಫಲ್ ಎಂದರೆ ಮೈಗೋ ಮುಖಕ್ಕೋ ಬಟ್ಟೆ ಸುತ್ತಿ ಮುಚ್ಚುವುದು, ಅಷ್ಟೆ. ಸದ್ದಿನ ಮಾತೇ ಅಲ್ಲಿಲ್ಲ. ಊಟಿಗೆ ಹೋಗುವಾಗ ಕುತ್ತಿಗೆಗೆ ಸುತ್ತಿಕೊಳ್ಳುವ ಮಫ್ಲರ್ ಈ ಹಳೆಯ ಅರ್ಥದ ಕೂಸು. ಸುತ್ತಿದ ಬಟ್ಟೆ ಸದ್ದನ್ನೂ ತಗ್ಗಿಸುತ್ತದೆ ಎಂಬ ಅರ್ಥ ಪದಕ್ಕೆ ಅಂಟಿದ್ದು 18ನೇ ಶತಮಾನದಲ್ಲಿ. ಶತ್ರುವಿಗೆ ಸುಳಿವು ಸಿಗದಂತೆ ದೋಣಿಯ ಹುಟ್ಟಿಗೆ ಬಟ್ಟೆ ಸುತ್ತುವುದು, ಸೈನಿಕನ ಶವಯಾತ್ರೆಯಲ್ಲಿ ನಗಾರಿಗೆ ಕರಿಬಟ್ಟೆ ಹೊದಿಸಿ ಬಾರಿಸುವುದು, ಎಲ್ಲವೂ ಮಫಲ್. ಇಂಗ್ಲೆಂಡಿನ ಚರ್ಚುಗಳಲ್ಲಿ ಶೋಕದ ದಿನ ಗಂಟೆಯ ನಾಲಿಗೆಯ ಒಂದು ಬದಿಗೆ ಮಾತ್ರ ತೊಗಲಿನ ಮೆತ್ತೆ ಕಟ್ಟುತ್ತಾರೆ. ಒಂದು ಬಡಿತ ಖಣಿಲ್ಲನೆ ಕೇಳುತ್ತದೆ, ಮರುಬಡಿತ ಅದರ ದೂರದ ಮಾರ್ದನಿಯಂತೆ ಬರುತ್ತದೆ. ಮೆತ್ತೆ ಕಟ್ಟಿದರೂ ಗಂಟೆ ಮೊಳಗುತ್ತಲೇ ಇರುತ್ತದೆ, ಅದರ ಅಂಚು ಮಾತ್ರ ಹೋಗಿರುತ್ತದೆ.

ಇದಕ್ಕೆ ಕನ್ನಡದಲ್ಲಿ ‘ಮುಸುಕು’ ಎಂಬ ಪದ ಹೇಳಿ ಮಾಡಿಸಿದಂತಿದೆ. ಮಫಲ್ ಕೂಡ ಮೊದಲು ಮುಖ ಮುಚ್ಚುವ ಬಟ್ಟೆಯ ಮಾತೇ ತಾನೆ? ‘ಮುಸುಕಿನ ಗುದ್ದು’ ಎನ್ನುತ್ತೇವಲ್ಲ, ಯಾರಿಗೂ ಕಾಣದಿದ್ದರೂ ಏಟು ಬೀಳುವುದು ಬೀಳುತ್ತದೆ. ಕೆಳಮನೆಯವರಿಗೆ ಈಗ ಬೀಳುತ್ತಿರುವುದು ಅದೇ. ಮುಂಬೈಯ ಮಿಸ್ತ್ರಿಗಳಿಗೆ ಮರಾಠಿಯ ‘ದಬಕಾ ಆವಾಜ್’ (ಅದುಮಿದ ಸದ್ದು) ಚೆನ್ನಾಗಿ ಗೊತ್ತು. ಆ ಪದದಲ್ಲೇ ಕೇಳಿ: “ದಬಕಾ ಆಗುತ್ತದೋ, ಬಂದ್ ಆಗುತ್ತದೋ?” ಉತ್ತರ ತಡವರಿಸುತ್ತದೆ.

ಈಗ ಕೆಲಸಕ್ಕೆ ಬರೋಣ. ಬಿಲ್ಲಿನ ದೊಡ್ಡ ಪಾಲು ಹೋಗಿರುವುದು ಪಿಯು (ಪಾಲಿಯುರೆಥೇನ್) ಫೋಮಿಗೆ: 50 ಮಿ.ಮೀ. ದಪ್ಪದ ಪಿರಮಿಡ್ ಮಾದರಿ, 32 ಡೆನ್ಸಿಟಿ (ಘನ ಮೀಟರಿಗೆ 32 ಕಿಲೋ), ಗೋಡೆ ಸೀಲಿಂಗ್ ಸೇರಿ 10 ಚದರ ಮೀಟರ್. ಒಳಗಿನ ರೋಗಕ್ಕೆ ಇದು ಸರಿಯಾದ ಮದ್ದು ಎನ್ನಲೇಬೇಕು. ಸಬೈನ್ ಸೂತ್ರದಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಆರಲು ಹಿಡಿಯುವ ಸಮಯ ಸಿಗುತ್ತದೆ. ಗಾತ್ರ 31 ಘನ ಮೀಟರ್. ಬರೀ ಗಾರೆ ಗೋಡೆ, ಟೈಲ್ಸ್ ನೆಲ ಇದ್ದಾಗ ಹೀರಿಕೆ ಸುಮಾರು 2.4 ಚದರ ಮೀಟರ್, ಸದ್ದು ಆರಲು 2 ಸೆಕೆಂಡ್. 10 ಚದರ ಮೀಟರ್ ಫೋಮ್ ಬಂದ ಮೇಲೆ ಮಾತಿನ ಎತ್ತರದ ಸ್ವರಗಳಿಗೆ ಅದು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಮಕ್ಕಳಿಗೆ ಗುರುಗಳ ಬಾಯಿತಾಳ ಈಗ ಸ್ಪಷ್ಟವಾಗಿ ಕೇಳುತ್ತದೆ, ಒಂದು ಪೆಟ್ಟು ಇನ್ನೊಂದರ ಮೇಲೆ ಬೀಳುವುದಿಲ್ಲ. ಕಲಿಸುವ ಕೋಣೆಗೆ ಇದು ಸಣ್ಣ ಲಾಭವೇನಲ್ಲ.

ಆದರೆ ಕೆಳಸ್ವರಕ್ಕೆ ಇದೇ ಫೋಮ್ ಏನೂ ಮಾಡದು. 1000 ಹರ್ಟ್ಸ್ (ಸೆಕೆಂಡಿಗೆ 1000 ಕಂಪನ) ಸದ್ದಿನ ಅಲೆ ಸುಮಾರು 34 ಸೆಂ.ಮೀ. ಉದ್ದ, 100 ಹರ್ಟ್ಸ್‌ನದು 3.4 ಮೀಟರ್, ಹೆಚ್ಚುಕಡಿಮೆ ಈ ಕೋಣೆಯಷ್ಟೇ ಉದ್ದ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅಲೆಯ ಕಾಲುಭಾಗದಷ್ಟು ದಪ್ಪವಿರಬೇಕು. 100 ಹರ್ಟ್ಸ್‌ಗೆ ಅದು 85 ಸೆಂ.ಮೀ. ಗೋಡೆಗೆ ಅಂಟಿಸಿದ 5 ಸೆಂ.ಮೀ. ಫೋಮಿಗೆ ಅಷ್ಟು ದೊಡ್ಡ ಅಲೆ ಸಿಗುವುದೇ ಇಲ್ಲ. ಹೀಗಾಗಿ ಚೆಂಡೆಯ ಮೇಲ್ದನಿ ಸತ್ತು ಮದ್ದಳೆಯ ಎಡಗಡೆಯ ನಾದ ಉಬ್ಬಿ ಕೇಳುತ್ತದೆ. ಕಲಾವಿದರು “ಚೆಂಡೆಗೆ ಜೀವವಿಲ್ಲ” ಎನ್ನುವುದು ಇದನ್ನೇ. ಗೋಡೆಯ ಮೂಲೆಗಳಲ್ಲಿ ನೆಲದಿಂದ ಸೀಲಿಂಗಿನವರೆಗೆ 30 ಸೆಂ.ಮೀ. ದಪ್ಪಕ್ಕೆ ಕಲ್ಲಿನ ಎಳೆಗಳ ಉಣ್ಣೆಯಾದ ರಾಕ್‌ವೂಲ್ ತುಂಬಿ ಬಟ್ಟೆ ಹೊದಿಸಿ, ಉಳಿದ ಕಡೆ ಫೋಮ್ 3 ಚದರ ಮೀಟರಿನಷ್ಟು ಕಡಿಮೆ ಮಾಡಿದ್ದರೆ ನಾದ ಹದವಾಗಿರುತ್ತಿತ್ತು.

ಸದ್ದು ತಡೆಯುವ ವಿಚಾರಕ್ಕಂತೂ ಫೋಮನ್ನು ಲೆಕ್ಕಕ್ಕೇ ಹಿಡಿಯಬಾರದು. ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ತೂಕ. ಈ ಫೋಮ್ ಚದರ ಮೀಟರಿಗೆ 1.6 ಕಿಲೋ. 6 ಮಿ.ಮೀ. ಗಾಜು 15 ಕಿಲೋ. ಗಾರೆ ಸೇರಿ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ 200 ಕಿಲೋಗೂ ಮೇಲೆ. ತೂಕ ಎರಡು ಪಟ್ಟಾದರೆ ಸದ್ದು 5ರಿಂದ 6 ಡೆಸಿಬೆಲ್ ತಗ್ಗುತ್ತದೆ ಎಂಬುದು ಸ್ಥೂಲ ನಿಯಮ. 200 ಕಿಲೋ ಗೋಡೆಯ ಮೇಲೆ ಒಂದೂವರೆ ಕಿಲೋ ಸ್ಪಂಜು ಮೆತ್ತಿದರೆ ಆಚೆಮನೆಗೆ ಏನು ಬದಲಾದೀತು? ಇನ್ನೊಂದು ವಿಷಯ: ಪಿಯು ಫೋಮ್ ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ಮಕ್ಕಳು ಸೇರುವ, ಒಂದೇ ಬಾಗಿಲಿನ ಕೋಣೆಯ ಸೀಲಿಂಗಿಗೆ ಅದನ್ನು ಅಂಟಿಸಿದ್ದು ನಮಗೆ ಒಪ್ಪಿಗೆಯಿಲ್ಲ. ಬೆಂಕಿ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ, ಇಲ್ಲವೆಂದರೆ ಬಟ್ಟೆ ಹೊದಿಸಿದ ರಾಕ್‌ವೂಲ್ ಹಾಕಿಸಿ. ಡಿಸ್ಟೆಂಪರ್ ಕೆರೆಯದೆ ಅದರ ಮೇಲೇ ಸ್ಪ್ರೇ ಗಮ್ ಹೊಡೆದಿರುವುದರಿಂದ ಜೂನ್ ಜುಲೈ ತೇವಕ್ಕೆ ಪದರದ ಸಮೇತ ಕಿತ್ತು ಬೀಳುವುದೂ ಖಂಡಿತ.

ಅತಿ ದೊಡ್ಡ ತಪ್ಪು ಆಗಿರುವುದು ಪಕ್ಕದ ಮನೆಯ ಕಡೆಯ ಗೋಡೆಯಲ್ಲಿ. ಗೋಡೆಗೆ 25 ಮಿ.ಮೀ. ಮರದ ಪಟ್ಟಿ ಹೊಡೆದು, ಮೇಲೆ 12 ಮಿ.ಮೀ. ಪ್ಲೈವುಡ್ ಬಿಗಿದು, ಅದರ ಮೇಲೆ ಫೋಮ್ ಅಂಟಿಸಿದ್ದಾರೆ. ನೋಡಲು ಗಟ್ಟಿಯಾಗಿದೆ. ಆದರೆ ಹಗುರ ಹಲಗೆ, ಹಿಂದೆ ಕಿರಿದಾದ ಖಾಲಿ ಗಾಳಿ, ಅದರ ಹಿಂದೆ ಭಾರದ ಗೋಡೆ, ಈ ಮೂರೂ ಸೇರಿದರೆ ಅದೊಂದು ವಾದ್ಯವೇ. ಗಾಳಿ ಸ್ಪ್ರಿಂಗಿನಂತೆ ಕುಣಿಯುತ್ತದೆ. ಚದರ ಮೀಟರಿಗೆ ಸುಮಾರು 8 ಕಿಲೋ ಪ್ಲೈವುಡ್, 25 ಮಿ.ಮೀ. ಸಂದು ಎಂದರೆ ಆ ಕುಣಿತ 135 ಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಆ ಸ್ವರದ ಹತ್ತಿರ ಗೋಡೆ ಮೊದಲಿಗಿಂತಲೂ ಹೆಚ್ಚು ಸದ್ದು ದಾಟಿಸುತ್ತದೆ. ಜೊತೆಗೆ ಹಲಗೆಯ ಪ್ರತಿ ಸ್ಕ್ರೂ ಪಟ್ಟಿಯ ಮೂಲಕ ಗೋಡೆಗೇ ಇಳಿದಿರುವುದರಿಂದ ಕಂಪನಕ್ಕೆ ನೇರ ಸೇತುವೆ ಬೇರೆ.

ಆಗಬೇಕಿದ್ದದ್ದು ಹೀಗೆ. ಗೋಡೆಗೆ ತಾಗದೆ 20 ಮಿ.ಮೀ. ಬಿಟ್ಟು ಜಿಐ ಸ್ಟಡ್ ಫ್ರೇಮ್ (ಸತು ಲೇಪಿಸಿದ ತಗಡಿನ ಚೌಕಟ್ಟು) ನಿಲ್ಲಿಸುವುದು. ಮೇಲೆ ಕೆಳಗೆ ಚಾನೆಲ್ ಕೂರುವಲ್ಲಿ ರಬ್ಬರ್ ಪಟ್ಟಿ. ಫ್ರೇಮಿನೊಳಗೆ 48 ಡೆನ್ಸಿಟಿಯ 50 ಅಥವಾ 75 ಮಿ.ಮೀ. ರಾಕ್‌ವೂಲ್, ಒತ್ತಿ ತುರುಕದೆ. ಅದರ ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ. ಮೊದಲ ಪದರದ ಜಾಯಿಂಟ್ ಮೇಲೆ ಎರಡನೆಯದರ ಜಾಯಿಂಟ್ ಬರಬಾರದು. ಬೋರ್ಡಿನ ಸುತ್ತ ನೆಲ, ಗೋಡೆ, ಸೀಲಿಂಗಿಗೆ 5 ಮಿ.ಮೀ. ಸಂದು ಬಿಟ್ಟು ಅಕ್ರಿಲಿಕ್ ಸೀಲಂಟ್ ತುಂಬಬೇಕು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿದರೆ ಬಿರುಕು ಬಿಡುತ್ತದೆ. ಬೋರ್ಡಿನ ಹಿಂದೆ ಒಟ್ಟು 10 ಸೆಂ.ಮೀ. ಅಂತರ ಸಿಕ್ಕರೆ ಆ ಕುಣಿತ 45 ಹರ್ಟ್ಸ್‌ಗೆ ಇಳಿದು ವಾದ್ಯಗಳ ಕೈಗೆ ಸಿಗದೆ ಹೋಗುತ್ತದೆ. ಕೋಣೆ ಐದು ಇಂಚು ಕಿರಿದಾಗುತ್ತದೆ, ನಿಜ. ಮುಂಬೈಯಲ್ಲಿ ಐದು ಇಂಚಿನ ಬೆಲೆ ಎಲ್ಲರಿಗೂ ಗೊತ್ತು. ಆದರೂ ಆ ಜಾಗ ಬಿಡದೆ ಕೆಲಸ ಆಗದು. ಝವೇರಿ ಬಜಾರಿನ ಕಡೆ ಚಿನ್ನದ ಶುದ್ಧತೆ ನೋಡುವವರ ಬಳಿ ‘ಮಫಲ್ ಫರ್ನೇಸ್’ ಇರುತ್ತದೆ. ಅದೇ ಕೈಗವಸಿನ ಪದ. ಕಾವು ಹೊರಗೆ, ವಸ್ತು ಒಳಪೆಟ್ಟಿಗೆಯಲ್ಲಿ, ನಡುವೆ ಮುಟ್ಟದ ಗೋಡೆ. ಸೌಂಡ್‌ಪ್ರೂಫ್ ಕೋಣೆಯೂ ಹೀಗೆ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಾಗಬೇಕು.

ಕಿಟಕಿ ಕೆಲಸ ಚೆನ್ನಾಗಿದೆ. ಹಳೆಯ 5 ಮಿ.ಮೀ. ಗಾಜಿನ ಸ್ಲೈಡಿಂಗ್ ಕಿಟಕಿಯನ್ನು ಹಾಗೇ ಉಳಿಸಿ, ಒಳಬದಿಗೆ 10 ಸೆಂ.ಮೀ. ಅಂತರದಲ್ಲಿ ಬಾಗಿಲಿನಂತೆ ತೆರೆಯುವ ಎರಡನೇ ಕಿಟಕಿ ಕೂರಿಸಿದ್ದಾರೆ. ಅದರಲ್ಲಿ 4 ಮಿ.ಮೀ. ಗಾಜು ಎರಡು, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಹಳೆಯ ಗಾಜಿಗೂ ಇದಕ್ಕೂ ದಪ್ಪ ಬೇರೆ ಬೇರೆಯಾದ್ದರಿಂದ ಒಂದು ಗಾಜು ದಾಟಿಸುವ ಸ್ವರವನ್ನು ಇನ್ನೊಂದು ತಡೆಯುತ್ತದೆ. ಇಷ್ಟೇ ತೂಕದ ಗಾಜುಗಳನ್ನು 12 ಮಿ.ಮೀ. ಸಂದಿನ ರೆಡಿಮೇಡ್ ಡಬಲ್ ಗ್ಲಾಸಿನಲ್ಲಿ ಹಾಕಿದ್ದರೆ ಕುಣಿತ 200 ಹರ್ಟ್ಸ್ ಹತ್ತಿರ ಬರುತ್ತಿತ್ತು, 10 ಸೆಂ.ಮೀ. ಅಂತರ ಅದನ್ನು 70ರ ಕೆಳಗೆ ತಂದಿದೆ. ರಸ್ತೆಯ ಹಾರ್ನ್ ಈಗ ಪಾಠಕ್ಕೆ ಅಡ್ಡ ಬರುವುದಿಲ್ಲ. ಲೋಪ ಎರಡಿವೆ. ಗಾಜಿನ ಅಂಚಿಗೆ ಹಾಕಿದ ಸಿಲಿಕೋನ್ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಅಂಥದ್ದು ಪಿವಿಬಿ ಪದರವನ್ನು ತಿಂದು ಅಂಚು ಬಿಳಿಚಿಸುತ್ತದೆ. ಇಂಥ ಲ್ಯಾಮಿನೇಟೆಡ್ ಗಾಜಿಗೆ ‘ನ್ಯೂಟ್ರಲ್’ ಎಂದು ಬರೆದ ಟ್ಯೂಬ್ ಮಾತ್ರ ನಡೆಯುತ್ತದೆ. ಎರಡನೆಯದು, ನಾಲ್ಕೂ ಮೂಲೆಯಲ್ಲಿ ರಬ್ಬರ್ ಗ್ಯಾಸ್ಕೆಟ್ಟನ್ನು ನೇರ ಕತ್ತರಿಸಿ ಬಿಟ್ಟಿದ್ದಾರೆ. 45 ಡಿಗ್ರಿಗೆ ಕತ್ತರಿಸಿ ಅಂಟಿಸಿದ್ದರೆ ಸಂದು ಉಳಿಯುತ್ತಿರಲಿಲ್ಲ. ಊದಿನಕಡ್ಡಿ ಹಿಡಿದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊಗೆ ಆ ಮೂಲೆಗಳಲ್ಲೇ ಬಾಗುತ್ತದೆ.

ಬಾಗಿಲಿಗೆ ಫೋಮ್ ಅಂಟಿಸಿ ದಪ್ಪ ಪರದೆ ಇಳಿಬಿಟ್ಟಿದ್ದಾರೆ. ಬಾಗಿಲಿನ ಕೆಳಗೆ 10 ಮಿ.ಮೀ. ಸಂದು ಮೊದಲಿನಂತೆಯೇ ಇದೆ. 2.1 ಮೀಟರ್ ಎತ್ತರ, 0.9 ಮೀಟರ್ ಅಗಲದ ಬಾಗಿಲಿಗೆ ಅದು ನೂರಕ್ಕೆ ಅರ್ಧ ಪಾಲೂ ಅಲ್ಲ. ಆದರೆ ಆ ಸಂದು ಇರುವವರೆಗೆ ಬಾಗಿಲನ್ನು ಉಕ್ಕಿನಲ್ಲಿ ಮಾಡಿಸಿದರೂ ತಡೆ 23 ಡೆಸಿಬೆಲ್ ದಾಟದು. ಏಸಿ ಪೈಪಿನ 65 ಮಿ.ಮೀ. ತೂತೂ ಹಾಗೆಯೇ: ಮುಚ್ಚದಿದ್ದರೆ ಆ ಇಡೀ ಗೋಡೆಯ ತಡೆ 35 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಕೈಗವಸಿನಲ್ಲಿ ಒಂದು ತೂತಿದ್ದರೆ ಚಳಿ ಹುಡುಕಿಕೊಂಡು ಅಲ್ಲಿಂದಲೇ ಬರುವ ಹಾಗೆ. ಬೇಕಿದ್ದದ್ದು ಒಳಗೆ ಟೊಳ್ಳಿಲ್ಲದ 40 ಮಿ.ಮೀ. ಬಾಗಿಲು, ಮೂರು ಬದಿಗೆ ಇಪಿಡಿಎಂ ರಬ್ಬರ್, ಕೆಳಗೆ ಬಾಗಿಲು ಹಾಕಿದಾಗ ತಾನೇ ಇಳಿದು ನೆಲಕ್ಕೆ ಒತ್ತುವ ಡ್ರಾಪ್ ಸೀಲ್. ಎ4 ಹಾಳೆಯ ಪಟ್ಟಿಯೊಂದನ್ನು ಚೌಕಟ್ಟಿನ ಹತ್ತು ಕಡೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ಎಲ್ಲ ಕಡೆಯೂ ಹಿಡಿದು ನಿಲ್ಲಬೇಕು.

ಕೆಳಮನೆಯ ದೂರು ಮಾತ್ರ ಗೋಡೆ, ಬಾಗಿಲು, ಕಿಟಕಿ ಯಾವುದಕ್ಕೂ ಸೇರಿದ್ದಲ್ಲ. ದಿಗಿಣ (ಯಕ್ಷಗಾನದ ಸುತ್ತು ನೆಗೆತ) ಹಾಕಿ ಮಕ್ಕಳು ನೆಲಕ್ಕೆ ಬಿದ್ದಾಗ ಪೆಟ್ಟು ನೇರ ಸ್ಲ್ಯಾಬಿಗೆ. ಗುತ್ತಿಗೆದಾರರು 12 ಮಿ.ಮೀ. ಕಾರ್ಪೆಟ್ ಹಾಸಿದ್ದಾರೆ. ಗೆಜ್ಜೆಯ ಝಲ್ಲು, ಚಪ್ಪಲಿಯ ಟಕ್ ಟಕ್ ಅದರಿಂದ ಹೋಗಿದೆ, ಮೈಭಾರದ ಧಡ್ ಹೋಗಿಲ್ಲ. ಸ್ಕಾಟ್ಲೆಂಡಿನ ಹಳೆಯ ಮರದ ಮಹಡಿಗಳಲ್ಲಿ ತೊಲೆಗಳ ನಡುವೆ ಬೂದಿ ತುಂಬುತ್ತಿದ್ದರು. ಆ ತುಂಬುವಿಕೆಗೆ ಅಲ್ಲಿನ ಕಟ್ಟಡದವರ ಹೆಸರು ‘ಡೆಫನಿಂಗ್’, ಅಂದರೆ ಕಿವುಡಾಗಿಸುವುದು. ಉಳಿದ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಕಿವಿ ಗಡಚಿಕ್ಕುವ ಸದ್ದು ಎಂಬ ಅರ್ಥ! ಪಿಟೀಲಿನ ದನಿ ತಗ್ಗಿಸುವ ತುಣುಕಿಗೆ ಇಟಲಿಯವರು ‘ಸೊರ್ದಿನೊ’ ಎನ್ನುತ್ತಾರೆ. ಅದರ ಬೇರೂ ಲ್ಯಾಟಿನ್ನಿನ ‘ಸುರ್ದುಸ್’, ಕಿವುಡು. ಬೂದಿ ತುಂಬಿದವರಿಗೆ ತಿಳಿದಿದ್ದ ವಿಷಯ, ನೆಲಕ್ಕೆ ಭಾರವೂ ಬೇಕು, ಮೆತ್ತನೆಯ ಬಿಡುವೂ ಬೇಕು ಎಂಬುದು. ಇಲ್ಲಿ ಅದನ್ನು ತೇಲುವ ನೆಲದಿಂದ ಮಾಡಬಹುದು: ಸ್ಲ್ಯಾಬಿನ ಮೇಲೆ 10 ಮಿ.ಮೀ. ರಬ್ಬರ್ ಚಾಪೆ, ಅದರ ಮೇಲೆ 18 ಮಿ.ಮೀ. ಪ್ಲೈವುಡ್ ಅಡ್ಡಡ್ಡ ಎರಡು ಪದರ, ಪದರಗಳನ್ನು ಒಂದಕ್ಕೊಂದು ಮಾತ್ರ ಬಿಗಿಯಬೇಕು. ಸ್ಕ್ರೂ ಒಂದೇ ಒಂದು ಸ್ಲ್ಯಾಬಿಗೆ ತಾಗಿದರೂ ಕೆಲಸ ಕೆಟ್ಟಿತು. ಸುತ್ತ ಗೋಡೆಗೆ 10 ಮಿ.ಮೀ. ಬಿಟ್ಟು ಮೆತ್ತನೆಯ ಫೋಮ್ ಪಟ್ಟಿ. ಸ್ಕರ್ಟಿಂಗ್ ಗೋಡೆಗೆ ಮಾತ್ರ, ನೆಲಕ್ಕೆ ಮುಟ್ಟಬಾರದು. ಹಳೆಯ ಕಟ್ಟಡವಾದ್ದರಿಂದ ಇಷ್ಟು ಭಾರಕ್ಕೂ ಮೊದಲು ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಬೇಕು. ಇಷ್ಟಾದರೂ ದಿಗಿಣದ ಸದ್ದು ಕೆಳಗೆ ಪೂರ್ತಿ ನಿಲ್ಲದು. ಅದಕ್ಕೆ ನೆಲಮಹಡಿಯ ಗಾಲಾ (ಮಳಿಗೆ) ಬಾಡಿಗೆಗೆ ಹಿಡಿಯುವುದೇ ಮೇಲು.

ಗಾಳಿಯ ವ್ಯವಸ್ಥೆಯನ್ನೇ ಮರೆತಿದ್ದಾರೆ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಹನ್ನೆರಡು ಮಕ್ಕಳು ಒಂದು ಗಂಟೆ ಕುಣಿದರೆ ಕಿಟಕಿ ತೆರೆಯದೆ ಗತಿಯಿಲ್ಲ, ತೆರೆದರೆ ಮಾಡಿದ್ದೆಲ್ಲ ನೀರಿಗೆ. ಒಂದು ಮೀಟರ್ ಉದ್ದದ ಪ್ಲೈವುಡ್ ಪೆಟ್ಟಿಗೆ, ಒಳಗೆ 25 ಮಿ.ಮೀ. ಗ್ಲಾಸ್‌ವೂಲ್ ಮೇಲೆ ಬಟ್ಟೆ, ದಾರಿಯಲ್ಲಿ ಎರಡು ತಿರುವು, ಕೊನೆಗೆ ನಿಧಾನದ 6 ಇಂಚಿನ ಫ್ಯಾನ್. ಒಳಬರಲು ಒಂದು, ಹೊರಹೋಗಲು ಒಂದು. ನಾವು ಬೈಕಿಗೆ ಸೈಲೆನ್ಸರ್ ಎನ್ನುವುದನ್ನು ಅಮೆರಿಕದವರು ಮಫ್ಲರ್ ಎನ್ನುತ್ತಾರಲ್ಲ, ಇದೂ ಅದೇ ಜಾತಿ.

ಕೆಲಸ ಒಪ್ಪಿಸುವಾಗ ಸೂಪರ್‌ವೈಸರ್ ಫೋನಿನ ಆ್ಯಪ್ ತೋರಿಸಿದರು. ಆ ಅಂಕಿ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಆ್ಯಪ್‌ಗಳು ಸಾಮಾನ್ಯವಾಗಿ ‘ಎ’ ತೂಕದಲ್ಲಿ, ಅಂದರೆ ಕೆಳಸ್ವರವನ್ನು ಕಡಿಮೆ ಎಣಿಸುವ ಮಾಪನದಲ್ಲಿ, ಅಳೆಯುತ್ತವೆ. ಅದು 100 ಹರ್ಟ್ಸ್ ಸದ್ದನ್ನು 19 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಮುಸುಕಿನ ಗುದ್ದು ಕಾಣಬೇಕಾದರೆ ಸೆಟ್ಟಿಂಗನ್ನು ಕೆಳಸ್ವರವನ್ನೂ ಹೆಚ್ಚುಕಡಿಮೆ ಹಾಗೇ ಎಣಿಸುವ ‘ಸಿ’ಗೆ ಬದಲಿಸಿ, ಚೆಂಡೆ ಬಾರಿಸುತ್ತ, ಪಕ್ಕದ ಮನೆಯೊಳಗೆ ಕೂತು ಅಳೆಯಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಅದು ‘ಎ’ ತೂಕದಲ್ಲಿ. ಮಿತಿಯೊಳಗಿದ್ದೂ ನೆರೆಯವರಿಗೆ ನಿದ್ದೆ ಬಾರದಿರಲು ಕಾರಣ ಈ ವ್ಯತ್ಯಾಸವೇ.

ಡಬ್ಬಿಂಗ್, ಆನ್‌ಲೈನ್ ಪಾಠ, ಸುಗಮ ಸಂಗೀತದ ಅಭ್ಯಾಸಕ್ಕೆ ಕೋಣೆ ಬೇಕಾದವರು ಇಂಥವರನ್ನು ಧಾರಾಳವಾಗಿ ಕರೆಯಬಹುದು. ಕೈಕೆಲಸ ಅಚ್ಚುಕಟ್ಟು, ಹೇಳಿದ ದಿನಕ್ಕೆ ಮುಗಿಸುತ್ತಾರೆ, ಕಸ ತಾವೇ ಒಯ್ಯುತ್ತಾರೆ. ಚರ್ಮವಾದ್ಯಕ್ಕೆ ಮತ್ತು ಕುಣಿತಕ್ಕೆ ಬೇಡ. ಈ ಕೋಣೆಯನ್ನು ಸರಿಪಡಿಸುವುದಾದರೆ ಮೊದಲು ಬಾಗಿಲು ಮತ್ತು ಏಸಿ ತೂತು, ಆಮೇಲೆ ಪ್ಲೈವುಡ್ ಕಿತ್ತು ಪಕ್ಕದ ಗೋಡೆ, ಕೊನೆಗೆ ನೆಲ. ಕೊಟೇಶನ್ನಿನಲ್ಲಿ ‘ಸೌಂಡ್‌ಪ್ರೂಫ್’ ಎಂಬ ಪದ ಹೊಡೆದುಹಾಕಿಸಿ, ಯಾವ ಗೋಡೆಗೆ ಎಷ್ಟು ಡೆಸಿಬೆಲ್ ತಡೆ, ಯಾವ ಸ್ವರದಿಂದ ಮೇಲೆ ಎಂದು ಬರೆಸಿಕೊಳ್ಳಿ. ಕೊನೆಯ ಕಂತು ಕೊಡುವ ಮುಂಚೆ ಉಪಕರಣವೇ ಬೇಡದ ಪರೀಕ್ಷೆಯೊಂದಿದೆ. ಒಬ್ಬರು ಒಳಗೆ ನಿಂತು ಮಾಮೂಲಿ ದನಿಯಲ್ಲಿ “ಸಾಸಿವೆ, ಶಂಖ, ಚಕ್ಕೆ” ಎನ್ನಲಿ, ಆಮೇಲೆ “ಗುಮ್ಮ, ಮೊಮ್ಮಗ” ಎನ್ನಲಿ. ಸ, ಶ, ಚಗಳ ಸದ್ದು ಎತ್ತರದ ಸ್ವರಗಳದ್ದು, ಮುಸುಕಿನಲ್ಲೇ ಸಾಯುತ್ತದೆ. ಮೊದಲನೆಯವುಗಳ ಸ, ಶ, ಚ ಕೇಳದೆ “ಗುಮ್ಮ” ಮಾತ್ರ ಕೇಳಿದರೆ ಅದು ಮಫಲ್. ಎರಡೂ ಕೇಳದಿದ್ದರೆ ಚೆಕ್ಕಿಗೆ ಸಹಿ ಹಾಕಿ.